ಒಂದು ಮರ್ಯಾದಸ್ಥ ವಿಮರ್ಶೆ

ಮೊಂತೆವಿದೇವೊದ ನಾಟಕದವರೂ ಟೀವಿಯವರೂ ಬೈಗುಳಕ್ಕೆ ಅಷ್ಟಾಗಿ ಹೆದರುತ್ತಿರಲಿಲ್ಲ. ಅವರು ಹೆದರುತ್ತಿದ್ದದ್ದು ವಿಮರ್ಶಕ ಅನಿಬಾಲ್ ಅರ್ಬಿಸಾನ ಒಂದು ಹೊಗಳಿಕೆಗೆ. ‘ಮರ್ಯಾದಸ್ಥ’ ಎಂದು ಅವನು ತನ್ನ ಅಂಕಣದಲ್ಲಿ ಬರೆದನೆಂದರೆ ಮುಗಿಯಿತು, ಆ ನಾಟಕವೋ ಧಾರಾವಾಹಿಯೋ ಬಾಗಿಲು ಮುಚ್ಚುವ ಕಾಲ ಹತ್ತಿರ ಬಂತು ಎಂದೇ ಲೆಕ್ಕ.

ಊರು ಚಿಕ್ಕದು, ಏನು ಮಾಡುವುದು? ಇವತ್ತು ಪತ್ರಿಕೆಯಲ್ಲಿ ಯಾರ ಚಳಿ ಬಿಡಿಸಿದಿರೋ, ನಾಳೆ ಬೆಳಿಗ್ಗೆ ಬ್ರೆಡ್ಡಿನಂಗಡಿಯ ಸಾಲಿನಲ್ಲಿ ಅವರ ಬೆನ್ನ ಹಿಂದೆಯೇ ನಿಲ್ಲಬೇಕು. ಅವರ ನಾದಿನಿಯೇ ನಿಮ್ಮ ಹಲ್ಲು ಕೀಳುವ ಡಾಕ್ಟರಾಗಿರುತ್ತಾಳೆ. ಹೀಗಾಗಿ ಅನಿಬಾಲ್ ಹಾವೂ ಸಾಯದ, ಕೋಲೂ ಮುರಿಯದ ಒಂದು ಮಾತನ್ನು ವಯಸ್ಸಿನಲ್ಲಿರುವಾಗಲೇ ಹುಡುಕಿಕೊಂಡಿದ್ದ. ಬಾಗಿಲು ತೆಗೆದರೆ ಗೋಡೆಯೂ ಅಲ್ಲಾಡುವಂಥ ಸೆಟ್ಟಿಗೆ ‘ಮರ್ಯಾದಸ್ಥ ರಂಗಸಜ್ಜಿಕೆ’. ಪಾಠ ಒಪ್ಪಿಸುವ ಹುಡುಗನಿಗೆ ‘ಮರ್ಯಾದಸ್ಥ ಚೊಚ್ಚಲ ಪ್ರಯತ್ನ’. ಮೊದಮೊದಲು ಜನ ನಂಬಿದರು. ಆಮೇಲೆ ಅವರಿಗೂ ಒಳಗುಟ್ಟು ತಿಳಿಯಿತು. ಪತ್ರಿಕೆಯ ಎದುರಿನ ಕಾಫಿ ಅಂಗಡಿಯಲ್ಲಿ ಮಾಣಿ ತೀತೊ ತಂದಿಟ್ಟ ಕಾಫಿ ಪಾತ್ರೆ ತೊಳೆದ ನೀರಿನಂತಿದ್ದರೆ ಗಿರಾಕಿಗಳು, “ಕಾಫಿ ಬಹಳ ಮರ್ಯಾದಸ್ಥವಾಗಿದೆಯಪ್ಪ ತೀತೊ” ಎನ್ನುವಷ್ಟರ ಮಟ್ಟಿಗೆ ಆ ಮಾತು ಊರಿನದಾಯಿತು. ತೀತೊ ಮುಖ ಸಿಂಡರಿಸಿಕೊಂಡು ಬೇರೆ ಕಾಫಿ ತರುತ್ತಿದ್ದ.

ಈ ಮಾತಿನಿಂದ ಅನಿಬಾಲ್ ಕಳೆದುಕೊಂಡ ಸ್ನೇಹ ಒಂದೇ, ಸುಲ್ಮಾ ಗಲಾರ್ಸಾಳದು. ಹರೆಯದಲ್ಲಿ ಇಬ್ಬರೂ ಒಂದೇ ನಾಟಕ ತಂಡದಲ್ಲಿದ್ದವರು, ನೆಲಮಾಳಿಗೆಯ ರಂಗಮಂದಿರಕ್ಕೆ ಹಲಗೆ ಹೊತ್ತವರು. ಅವನು ಪತ್ರಿಕೆ ಸೇರಿದ, ಅವಳು ನಟಿಯಾಗಿಯೇ ಉಳಿದಳು. ಹತ್ತು ವರ್ಷದ ಕೆಳಗೆ ಅವಳು ಒಂದು ನಾಟಕದಲ್ಲಿ ರಾಣಿಯ ಪಾತ್ರ ಮಾಡಿದಾಗ ಅವನು ‘ಗಲಾರ್ಸಾ ಅವರ ರಾಣಿ ಮರ್ಯಾದಸ್ಥಳು’ ಎಂದು ಬರೆದ. ಅವಳು ಕೆಟ್ಟದಾಗಿ ಮಾಡಿರಲಿಲ್ಲ. ಬೇರೆ ಮಾತು ಹುಡುಕಲು ಇವನಿಗೆ ಸೋಮಾರಿತನ, ಅಷ್ಟೇ. ನಾಟಕ ನಿಂತುಹೋಯಿತು. ಅವತ್ತಿನಿಂದ ಸುಲ್ಮಾ ಅವನೊಡನೆ ಮಾತು ಬಿಟ್ಟಳು.

ಹೀಗಿರುವಾಗ, ಒಂದು ಚಳಿಗಾಲದಲ್ಲಿ, ‘ಈಚೆ ದಡ’ ಎಂಬ ಹೊಸ ಧಾರಾವಾಹಿಯ ಎರಡು ಕಂತಿನ ಕ್ಯಾಸೆಟ್ಟು ಅವನ ಮೇಜಿಗೆ ಬಂತು. ನದಿಯ ಆಚೆ ದಡದ ಬುಏನೊಸ್ ಐರೆಸ್‌ನಿಂದ ಬಂದ ಧಾರಾವಾಹಿಗಳನ್ನೇ ನೋಡಿ ನೋಡಿ ಸಾಕಾಗಿದ್ದ ಊರಿಗೆ ನಮ್ಮದೇ ಒಂದು ಬರುತ್ತಿದೆ ಎಂಬುದೇ ದೊಡ್ಡ ಸುದ್ದಿ. ಮಂಗಳವಾರ ಮೊದಲ ಕಂತು. ಅದೇ ಬೆಳಿಗ್ಗೆ ಅನಿಬಾಲನ ವಿಮರ್ಶೆ ಬರಬೇಕು. ಉಳಿದ ಪತ್ರಿಕೆಗಳ ವಿಮರ್ಶಕರು ಅವನದನ್ನು ಓದಿದ ಮೇಲೇ ತಮ್ಮ ಅಭಿಪ್ರಾಯ ಏನೆಂದು ತಿಳಿದುಕೊಳ್ಳುವ ಪೈಕಿ.

ಶನಿವಾರ ಮನೆಯಲ್ಲಿ ಫ್ಲಾಸ್ಕು ಪಕ್ಕಕ್ಕಿಟ್ಟುಕೊಂಡು, ಸೋರೆಬುರುಡೆಯಲ್ಲಿ ಕಹಿ ಚಹಾ ಹೀರುತ್ತ ಅವನು ಕ್ಯಾಸೆಟ್ ಹಾಕಿದ. ಮೊದಲರ್ಧ ಗಂಟೆ ಆಕಳಿಕೆ ಬಂತು. ಸಂಭಾಷಣೆ ಮರದ ಕೊರಡು, ನಾಯಕನಿಗೆ ಹುಬ್ಬು ಬಿಟ್ಟರೆ ಬೇರೇನೂ ಅಲ್ಲಾಡದು. ಆಮೇಲೆ ಅಡುಗೆಮನೆಯ ದೃಶ್ಯ. ತಾಯಿ ಈರುಳ್ಳಿ ಹೆಚ್ಚುತ್ತಿದ್ದಾಳೆ. ಪಕ್ಕದ ಮನೆಯಾಕೆ ಓಡಿಬಂದು ನಿನ್ನ ಮಗ ನೀರುಪಾಲಾದ ಎಂದು ಅಳುತ್ತಾಳೆ. ತಾಯಿ ಅಳಲಿಲ್ಲ. ಕೈಯಲ್ಲಿದ್ದ ಈರುಳ್ಳಿಯನ್ನು ಇದೇನು ಎಂಬಂತೆ ನೋಡಿದಳು. ಗೋಡೆಯನ್ನು, ಕಪಾಟನ್ನು, ಅಳುವ ಹೆಂಗಸನ್ನು ಒಂದೊಂದಾಗಿ ನೋಡಿದಳು. ಹುಟ್ಟಿದಾಗಿನಿಂದ ಈ ಮನೆಯನ್ನೇ ಕಂಡಿರದವಳ ಹಾಗೆ ನೋಡಿದಳು. ಕ್ಯಾಮೆರಾ ಅಲ್ಲೇ ನಿಂತಿತ್ತು. ಕೊನೆಗೆ ಮೆಲ್ಲಗೆ, “ಈ ಒಲೆ ಹಚ್ಚಿದ್ದು ಯಾರು?” ಎಂದು ಕೇಳಿದಳು.

ಅನಿಬಾಲ್ ತನಗೇ ತಿಳಿಯದೆ ಎದ್ದು ನಿಂತಿದ್ದ. ತಾಯಿಯ ಪಾತ್ರ ಸುಲ್ಮಾಳದು. ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿದ, ಮತ್ತೂ ನೋಡಿದ. ಕಣ್ಣಲ್ಲಿ ನೀರು ಬಂದದ್ದಕ್ಕೆ ಅವನಿಗೇ ಆಶ್ಚರ್ಯ. ವಿಮರ್ಶಕನಾದ ಮೇಲೆ ಅವನು ಅಳುವುದನ್ನು ಬಿಟ್ಟಿದ್ದ, ಅದು ವೃತ್ತಿಗೆ ಒಗ್ಗುವುದಿಲ್ಲ ಎಂದು.

ಭಾನುವಾರ ಚಾನೆಲ್ಲಿನ ವಿಲ್ಸನ್ ಫೋನು ಮಾಡಿದ. ಕಾರ್ಯಕ್ರಮಗಳ ಯಜಮಾನ ಅವನೇ. ಧಾರಾವಾಹಿ ಹೇಗಿದೆ ಎಂದು ನೇರ ಕೇಳುವ ಧೈರ್ಯವಿಲ್ಲದೆ ಹವಾಮಾನ, ಫುಟ್‌ಬಾಲು ಎಲ್ಲ ಸುತ್ತಿ ಬಂದು ವಿಷಯ ಬಿಟ್ಟ. ಹನ್ನೆರಡರಲ್ಲಿ ನಾಲ್ಕು ಕಂತು ಮಾತ್ರ ಚಿತ್ರೀಕರಣವಾಗಿದೆ. ಉಳಿದದ್ದನ್ನು ಪತ್ರಿಕೆಗಳ ಅಭಿಪ್ರಾಯ ನೋಡಿಕೊಂಡು ತಿದ್ದುವುದು. ಗಲಾರ್ಸಾ ಜೊತೆ ಕೆಲಸ ಬಹಳ ನಿಧಾನ, ನಿರ್ದೇಶಕರಿಗೆ ಸಾಕಾಗಿದೆ. ಪತ್ರಿಕೆಯವರು ಆಕೆಯನ್ನು ಅಷ್ಟಾಗಿ ಮೆಚ್ಚದಿದ್ದರೆ ತಾಯಿಯನ್ನು ಐದನೇ ಕಂತಿನಲ್ಲಿ ಸಾಲ್ತೊ ಊರಿನ ಅಕ್ಕನ ಮನೆಗೆ ಬಸ್ಸು ಹತ್ತಿಸಿಬಿಡುವುದು ಎಂದುಕೊಂಡಿದ್ದೇವೆ, ಎಂದ. ಅನಿಬಾಲ್, ಮಂಗಳವಾರ ಪತ್ರಿಕೆ ನೋಡಿ ಎಂದ. ಫೋನಿಟ್ಟ ಮೇಲೆ ಅವನಿಗೆ ಮೈತುಂಬ ಹುರುಪು ಬಂತು. ಸುಲ್ಮಾಳನ್ನು ಉಳಿಸುವುದು ತನ್ನ ಕೈಯಲ್ಲಿದೆ. ಹಳೆಯ ಬಾಕಿ ತೀರಿಸಲು ಇಂಥ ಅವಕಾಶ ಇನ್ನೊಮ್ಮೆ ಬರುವುದಿಲ್ಲ.

ಕೂತು ಬರೆದ. ಬರೆಯುವುದು ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ. ಅವನ ಹೊಗಳಿಕೆಯ ಮಾತುಗಳೆಲ್ಲ ಸವೆದ ನಾಣ್ಯವಾಗಿದ್ದವು, ಯಾವುದನ್ನು ಇಟ್ಟರೂ ಓದುವವರು ನಗುತ್ತಾರೆ. ಹಾಗಾಗಿ ಒಂದೂ ಹೊಗಳಿಕೆಯಿಲ್ಲದೆ ಬರೆದ. ಅವಳು ಏನು ನೋಡಿದಳು, ಯಾವುದರ ಮೇಲೆ ಕಣ್ಣಿಟ್ಟಳು, ಕೈಯಲ್ಲಿ ಈರುಳ್ಳಿ ಹೇಗೆ ತಿರುಗಿತು, ಅಷ್ಟನ್ನೇ ಬರೆದ. ಸೋಮವಾರ ಬೆಳಿಗ್ಗೆ ತಾನೇ ಕಚೇರಿಗೆ ಹೋಗಿ ಪುಟದ ಸಂಪಾದಕಿ ಮಿರ್ತಾಳ ಕೈಗೆ ಕೊಟ್ಟ. ಮಿರ್ತಾ ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಬಾಯಿ ಸ್ವಲ್ಪ ಜೋರು, ಕೆಲಸದಲ್ಲಿ ಕಟ್ಟುನಿಟ್ಟು. ಅವಳು ನಿಂತೇ ಓದಿದಳು. ಓದಿ, ಕನ್ನಡಕ ತೆಗೆದು ಒರೆಸಿ, ಇದು ಒಳಪುಟಕ್ಕಲ್ಲ, ಮುಖಪುಟಕ್ಕೆ ಎಂದಳು. ಸುಲ್ಮಾಳ ದೊಡ್ಡ ಫೋಟೋ ಹುಡುಕಲು ಹೇಳಿ ಕಳಿಸಿದಳು. ಅನಿಬಾಲ್ ಮನೆಗೆ ಹೋಗುವಾಗ ದಾರಿಯಲ್ಲಿ ಸಿಳ್ಳೆ ಹಾಕಿದ.

ಮಧ್ಯಾಹ್ನ ಬಾಗಿಲು ಬಡಿಯಿತು. ಬೂದಿ ಬಣ್ಣದ ಕೋಟು ಹಾಕಿಕೊಂಡು, ಕೈಚೀಲವನ್ನು ಎರಡೂ ಕೈಯಿಂದ ಹೊಟ್ಟೆಗೆ ಒತ್ತಿಕೊಂಡು ಸುಲ್ಮಾ ನಿಂತಿದ್ದಳು.

“ಒಳಗೆ ಕರೀತೀಯೋ, ಮೆಟ್ಟಿಲ ಮೇಲೇ ಮಾತಾಡ್ಬೇಕೋ?”

ಕರೆದ. ಕುರ್ಚಿಯ ಮೇಲಿನ ಪತ್ರಿಕೆಗಳನ್ನು ತೆಗೆದು ಕೂರಿಸಿದ. ಬುರುಡೆಗೆ ಚಹಾ ಸೊಪ್ಪು ತುಂಬಿ ಬಿಸಿನೀರು ಹೊಯ್ದು ಕೊಟ್ಟ. ನೀರು ಕುದಿಸಿಲ್ಲ ತಾನೇ, ಕುದಿಸಿದರೆ ಸೊಪ್ಪು ಸುಟ್ಟುಹೋಗುತ್ತದೆ ಎಂದು ಕೇಳಿದಳು. ಇಲ್ಲ ಎಂದ. ಹತ್ತು ವರ್ಷದ ಮೇಲೆ ಅವಳು ತನ್ನೊಡನೆ ಆಡಿದ ಮೊದಲ ಮಾತು ಇವು ಎಂದುಕೊಂಡ. ಕ್ಯಾಸೆಟ್ ನೋಡಿದೆಯಾ ಎಂದು ಅವಳೇ ಕೇಳಿದಳು.

“ನೋಡ್ದೆ. ಸುಲ್ಮಾ, ಆ ಅಡುಗೆಮನೆ ದೃಶ್ಯ ಇದೆಯಲ್ಲ, ಇಷ್ಟು ವರ್ಷದಲ್ಲಿ ನಾನು ಅಂಥದ್ದು…”

“ಅದು ಅಭಿನಯ ಅಲ್ಲ ಕಣೋ. ಮಾತು ಮರೆತುಹೋಗಿತ್ತು.”

ಅನಿಬಾಲ್ ನಕ್ಕ. ಮಾತು ಮರೆಯದ ನಟರು ಯಾರಿದ್ದಾರೆ, ಅದನ್ನೇ ಆಟವಾಗಿ ತಿರುಗಿಸುವುದಲ್ಲವೇ ಕಲೆ ಎಂದ. ಅವಳು ನಗಲಿಲ್ಲ.

“ಮಾತಷ್ಟೇ ಅಲ್ಲ. ನಾನೆಲ್ಲಿದ್ದೀನಿ ಅನ್ನೋದೇ ಮರೆತುಹೋಗಿತ್ತು. ಆ ಈರುಳ್ಳಿ ಯಾಕೆ ನನ್ನ ಕೈಲಿದೆ, ಎದುರಿಗೆ ನಿಂತು ಅಳ್ತಿರೋ ಹೆಂಗಸು ಯಾರು, ಒಂದೂ ಗೊತ್ತಾಗ್ಲಿಲ್ಲ. ಒಲೆ ಹಚ್ಚಿದ್ದು ಯಾರು ಅಂತ ನಿಜವಾಗ್ಲೂ ಕೇಳ್ದೆ. ಡೈರೆಕ್ಟರು ಅದನ್ನೇ ಇಟ್ಕೊಂಡ್ರು.”

ಆಮೇಲೆ ಅವಳು ಹೇಳುತ್ತ ಹೋದಳು, ಅವನು ಕೇಳುತ್ತ ಕೂತ. ಡಾಕ್ಟರು ಕಾಯಿಲೆಗೆ ಒಂದು ಹೆಸರು ಹೇಳಿದರಂತೆ. “ಆ ಹೆಸರೂ ಮರೆತೆ ನೋಡು” ಎಂದು ತಾನೇ ತಮಾಷೆ ಮಾಡಿದಳು. ಯಾರಿಗೂ ತಿಳಿಸಿಲ್ಲ, ಪೈಸಾಂದು ಊರಿನಲ್ಲಿರುವ ತಂಗಿಗೂ ತಿಳಿಸಿಲ್ಲ. ಸಂಭಾಷಣೆಯನ್ನು ಕಪಾಟಿನ ಬಾಗಿಲ ಒಳಗೆ, ಸಕ್ಕರೆ ಡಬ್ಬಿಯ ಹಿಂದೆ ಅಂಟಿಸಿಕೊಂಡು ನಾಲ್ಕು ಕಂತು ಹೇಗೋ ದಾಟಿದಳು. ಇನ್ನು ಎಂಟು. ಆಗುವುದಿಲ್ಲ. ತಾನಾಗಿ ಬಿಡುತ್ತೇನೆ ಎಂದರೆ ಕಾರಣ ಕೇಳುತ್ತಾರೆ. ಡಾಕ್ಟರ ಚೀಟಿ ಕೊಟ್ಟರೆ ಸಾಯಂಕಾಲದೊಳಗೆ ಮೀನು ಮಾರುವವನಿಗೂ ಗೊತ್ತಾಗುತ್ತದೆ. ಊರ ಬಾಯಿಗೆ ಬೀಗ ಹಾಕುವವರು ಯಾರು?

“ಸನ್ಮಾನ ಮಾಡ್ತಾರೆ ಕಣೋ ನಂಗೆ. ಸ್ಟೇಜ್ ಮೇಲೆ ಕೂರ್ಸಿ ಕೈ ಹಿಡ್ಕೊಂಡು, ನಿಧಾನವಾಗಿ ಬಿಡಿಸಿ ಬಿಡಿಸಿ ಮಾತಾಡ್ತಾರೆ, ಮಗೂಗೆ ಹೇಳಿದ ಹಾಗೆ. ನನ್ನ ಕೈಲಿ ಅದನ್ನ ತಡ್ಕೊಳ್ಳೋಕಾಗಲ್ಲ.”

ಹಾಗಾದರೆ ತಾನೇನು ಮಾಡಬೇಕು ಎಂದು ಕೇಳಿದ.

“ನಿನ್ನ ಹತ್ರ ಒಂದು ಮಾತಿದೆಯಲ್ಲ. ಅದನ್ನ ಬರಿ.”

“ಯಾವ ಮಾತು?”

“ಬಾಯಿಬಿಟ್ಟು ಹೇಳಿಸ್ಬೇಡ.”

ಅವಳು ಲೆಕ್ಕ ಎಲ್ಲ ಹಾಕಿಕೊಂಡೇ ಬಂದಿದ್ದಳು. ಅನಿಬಾಲ್ ಅರ್ಬಿಸಾ ಆ ಮಾತು ಬರೆದರೆ ವಿಲ್ಸನ್ ಸಂತೋಷದಿಂದ ತಾಯಿಯನ್ನು ಸಾಲ್ತೊಗೆ ಕಳಿಸುತ್ತಾನೆ. ವಿಮರ್ಶಕನಿಗೆ ಹಿಡಿಸಲಿಲ್ಲ, ಹೋದಳು ಎಂದು ಜನ ಆಡಿಕೊಳ್ಳುತ್ತಾರೆ. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಅವನ ಕೈಯಲ್ಲಿ ಹಾಗೆ ಹೋದವರು ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ಎಲ್ಲರೂ ತಲೆಯೆತ್ತಿಕೊಂಡೇ ಓಡಾಡುತ್ತಿದ್ದಾರೆ.

“ನಾನು ಸುಳ್ಳು ಬರೆಯಲ್ಲ, ಸುಲ್ಮಾ.”

“ಇಷ್ಟು ವರ್ಷ ಇನ್ನೇನ್ ಬರ್ದಿದ್ದೀಯ?”

ಅದು ನಾಟಿತು. ಆದರೂ ಅವನು ಬಿಡಲಿಲ್ಲ. ತೆರೆಯ ಮೇಲೆ ಬಂದದ್ದು ಬಂತು, ಅದು ಎಲ್ಲಿಂದ ಬಂತು ಎನ್ನುವುದು ನೋಡುವವರಿಗೆ ಯಾಕೆ, ಇದು ನಿನ್ನ ಜೀವನದ ಅತ್ಯುತ್ತಮ ಕ್ಷಣ, ಇದನ್ನು ನಾನು ಮುಚ್ಚಿಟ್ಟರೆ ಎರಡನೇ ಸಲ ನಿನಗೆ ದ್ರೋಹ ಮಾಡಿದಂತಾಗುತ್ತದೆ ಎಂದೆಲ್ಲ ಹೇಳಿದ. ಅವಳು ಕೇಳಿಸಿಕೊಂಡಳು.

“ನೀನು ಬರೀತೀಯ. ಎಲ್ಲರೂ ಹೌದು ಅಂತಾರೆ. ಮುಂದಿನ ವಾರ ಡೈರೆಕ್ಟರ್ ಬಂದು, ಮೇಡಂ, ಇನ್ನೊಂದ್ ಸಲ ಹಾಗೇ ಮಾಡಿ ಅಂತಾನೆ. ಎಲ್ಲಿಂದ ತರ್ಲಿ?”

ಅವನು ಬುರುಡೆಯನ್ನು ಮತ್ತೊಮ್ಮೆ ತುಂಬಿ ಕೊಟ್ಟ. ಅವಳು ತೆಗೆದುಕೊಂಡು, “ನೀರು ಕುದಿಸಿಲ್ಲ ತಾನೇ?” ಎಂದಳು. ಅನಿಬಾಲನ ಕೈ ಅಲ್ಲೇ ನಿಂತಿತು. ಇಲ್ಲ ಎಂದ. ಅವಳು ಹೋಗುವಾಗ ಅವನು ಮಾತು ಕೊಡಲಿಲ್ಲ, ಅವಳೂ ಬೇಡಲಿಲ್ಲ. ಮೆಟ್ಟಿಲಿಳಿಯುವ ಸದ್ದು ನಿಲ್ಲುವ ತನಕ ಅವನು ಬಾಗಿಲಲ್ಲೇ ನಿಂತಿದ್ದ.

ಪುಟ ಮುಚ್ಚುವುದು ಸಂಜೆ ಏಳಕ್ಕೆ. ಅವನು ಕೋಣೆಯಲ್ಲಿ ಆಚೀಚೆ ತಿರುಗಿ ತಿರುಗಿ ಐದಾಯಿತು. ಅವನ ಮನಸ್ಸನ್ನು ಕೊರೆಯುತ್ತಿದ್ದದ್ದು ಸುಲ್ಮಾಳ ಗತಿಯೊಂದೇ ಎಂದರೆ ಸುಳ್ಳಾದೀತು. ಆ ಲೇಖನ ಅವನ ಕೈಯಿಂದ ಬಂದ ಅತ್ಯುತ್ತಮ ಲೇಖನ. ಮುಖಪುಟದಲ್ಲಿ ಅವನ ಹೆಸರಿನ ಕೆಳಗೆ ಬರಲಿದೆ. ಇನ್ನು ಅಂಥದ್ದು ಬರೆಯಲು ಅವನಿಗೂ ಆಗುವುದಿಲ್ಲ, ಎಲ್ಲಿಂದ ತರುವುದು? ಅದನ್ನು ಕೊಲ್ಲುವುದೆಂದರೆ ಅವನಿಗೆ ಹೊಟ್ಟೆ ಉರಿಯಿತು. ನನ್ನನ್ನು ಕೇಳಲು ಅವಳಿಗೇನು ಹಕ್ಕು ಎಂದು ಸಿಟ್ಟು ಬಂತು. ಸಿಟ್ಟಿನಲ್ಲೇ ಕೋಟು ಹಾಕಿಕೊಂಡು ಹೊರಟ. ಬಸ್ಸು ಸಿಗಲಿಲ್ಲ, ‘ಹದಿನೆಂಟು ಜುಲೈ’ ಎಂಬ ಹೆಸರಿನ ಬೀದಿಯುದ್ದಕ್ಕೂ ಎದುರುಗಾಳಿಯಲ್ಲಿ ಓಡುನಡಿಗೆ.

ಕಚೇರಿ ತಲುಪಿದಾಗ ಆರೂವರೆ ದಾಟಿತ್ತು. ಮುಖಪುಟ ಸಿದ್ಧವಾಗಿ ಕೆಳಗೆ ಅಚ್ಚಿನ ಮನೆಗೆ ಇಳಿಯುವುದರಲ್ಲಿತ್ತು. ಮಿರ್ತಾಳ ಮೇಜಿನ ಮೇಲೆ ಅದರ ಪ್ರತಿ, ನಡುವೆ ಸುಲ್ಮಾಳ ಮುಖ.

“ಅದನ್ನ ತೆಗೀರಿ. ಬೇರೆ ಬರ್ದುಕೊಡ್ತೀನಿ” ಎಂದ.

ಮಿರ್ತಾ ತಮಾಷೆ ಎಂದುಕೊಂಡಳು. ಅವನ ಮುಖ ನೋಡಿ ತಮಾಷೆಯಲ್ಲ ಎಂದು ತಿಳಿದು ಎದ್ದು ನಿಂತಳು. ಚಾನೆಲ್ಲಿನವರು ಹೆದರಿಸಿದರಾ ಎಂದು ಕೇಳಿದಳು. ಇಲ್ಲ ಎಂದ. ಮಾಲೀಕರು ಫೋನು ಮಾಡಿದರಾ? ಇಲ್ಲ. ಹಾಗಾದರೆ ಯಾಕೆ? ಅವನು ಪಕ್ಕದ ಖಾಲಿ ಮೇಜಿಗೆ ಕೂತು ಟೈಪು ಮಾಡತೊಡಗಿದ. ಮೊದಲ ಸಾಲು ಮೂರು ಸಲ ಹೊಡೆದು ಹಾಕಿದ. ಕೆಳಗಿನಿಂದ ಅಚ್ಚಿನ ಮನೆಯವರು ಫೋನಿನಲ್ಲಿ ಕೂಗಾಡುತ್ತಿದ್ದರು. ಮಿರ್ತಾ ಒಂದು ಕೈಯಿಂದ ಫೋನಿನ ಬಾಯಿ ಮುಚ್ಚಿಕೊಂಡು ಅವನ ನೆತ್ತಿಯನ್ನೇ ನೋಡುತ್ತಿದ್ದಳು.

“ಈ ಜನ್ಮದಲ್ಲಿ ಒಂದ್ಸಲ ನಿಜ ಬರೆದ್ರಿ. ಅದಕ್ಕೂ ಹೆದ್ರಿಕೊಂಡ್ರಾ?”

“ಹಾಗೇ ಅಂದ್ಕೊಳ್ಳಿ.”

ಧಾರಾವಾಹಿಯ ಬೆಳಕು, ಹಿನ್ನೆಲೆ ಸಂಗೀತ, ನಾಯಕನ ಹುಬ್ಬು ಎಲ್ಲದರ ಬಗ್ಗೆಯೂ ಅವನು ಎಂದಿನಂತೆ ಬರೆದ. ಕೊನೆಗೆ ಬಂದು ನಿಂತ. ಗೋಡೆಯ ಗಡಿಯಾರ ಏಳಕ್ಕೆ ಅಂಟಿಕೊಂಡಿತ್ತು. ‘ತಾಯಿಯ ಪಾತ್ರದಲ್ಲಿ ಸುಲ್ಮಾ ಗಲಾರ್ಸಾ ಅವರದು ಮರ್ಯಾದಸ್ಥ ಅಭಿನಯ’ ಎಂದು ಹೊಡೆದು, ಹಾಳೆ ಎಳೆದು ಕೊಟ್ಟ. ಮಿರ್ತಾ ಕೊನೆಯ ಸಾಲು ಓದಿ ಅವನತ್ತ ನೋಡಲೂ ಇಲ್ಲ. ಮುಖಪುಟಕ್ಕೆ ಬಂದರಿನ ಮುಷ್ಕರದ ಸುದ್ದಿ ಏರಿಸಿ, ಇದನ್ನು ಒಳಗಿನ ಪುಟದ ಮೂಲೆಗೆ ಹಾಕಿದಳು.

ಸುಲ್ಮಾ ಎಣಿಸಿದಂತೆಯೇ ಆಯಿತು. ಅಡುಗೆಮನೆಯ ದೃಶ್ಯದಲ್ಲಿ ಊರೆಲ್ಲ ಉಸಿರು ಹಿಡಿದು ಕೂತಿತ್ತಂತೆ, ಆದರೆ ಬೆಳಿಗ್ಗೆ ಅರ್ಬಿಸಾ ಹೀಗೆ ಬರೆದಿದ್ದಾನಲ್ಲ, ತಮಗೇ ತಿಳಿಯಲಿಲ್ಲವೇನೋ ಎಂದು ಕೆಲವರು ಸುಮ್ಮನಾದರು. ಉಳಿದ ಪತ್ರಿಕೆಗಳು ‘ಅಚ್ಚುಕಟ್ಟು’, ‘ಶ್ರಮವಹಿಸಿದ್ದಾರೆ’ ಎಂದು ಅವನ ಹಿಂದೆಯೇ ಬಂದವು. ವಿಲ್ಸನ್ ಫೋನು ಮಾಡಿ ದೊಡ್ಡ ಉಪಕಾರವಾಯಿತು ಎಂದ. ಎರಡನೇ ವಾರ, ಐದನೇ ಕಂತಿನಲ್ಲಿ ತಾಯಿ ಸಾಲ್ತೊಗೆ ಹೋಗುತ್ತಾಳೆ ಎಂದು ಚಾನೆಲ್ಲು ಹೇಳಿಕೆ ಕೊಟ್ಟಿತು.

ಆಗ ನಾಟಕದವರು ತಿರುಗಿಬಿದ್ದರು. ಸುಲ್ಮಾ ಅವರಲ್ಲಿ ಹಿರಿಯಳು, ಅವಳೆಂದರೆ ಎಲ್ಲರಿಗೂ ಪ್ರಾಣ. ಅನಿಬಾಲನನ್ನು ಕಂಡರೆ ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು. ಬಸ್ಸಿನಲ್ಲಿ ಯಾರೋ ಗುರುತಿಲ್ಲದ ನಟಿ ಎದ್ದು ಬಂದು, ನೀವು ಆಕೆಯ ಕಾಲಿನ ಧೂಳಿಗೂ ಸಮವಲ್ಲ ಎಂದು ನಾಲ್ಕು ಜನರೆದುರು ಹೇಳಿ ಇಳಿದುಹೋದಳು. ತೀತೊ ಕೂಡ ಕಾಫಿ ಕುಕ್ಕಿ ಹೋಗುತ್ತಿದ್ದ. ಅನಿಬಾಲ್ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡ. ಅಷ್ಟೇ ಏಕೆ, ಅವನಿಗೆ ಒಳಗೊಳಗೇ ಒಂದು ಹಿಗ್ಗು. ಇಷ್ಟು ವರ್ಷ ತನ್ನ ಹೆಸರಿಗಾಗಿ ಬರೆದವನು ಒಂದು ಸಲ ಇನ್ನೊಬ್ಬರಿಗಾಗಿ ಬರೆದೆ, ಅದು ಸುಲ್ಮಾಗೆ ಗೊತ್ತು, ಅವಳೊಬ್ಬಳಿಗೆ ಗೊತ್ತಿದ್ದರೆ ಸಾಕು ಎಂದುಕೊಂಡು ತಿರುಗಾಡುತ್ತಿದ್ದ.

ಭಾನುವಾರ ಬಿಸಿಲು ಬಿದ್ದಿತ್ತು. ತ್ರಿಸ್ತಾನ್ ನರ್ವಾಹಾ ಬೀದಿಯ ಸಂತೆಯಲ್ಲಿ ಜನ ಇಡಿಕಿರಿದಿದ್ದರು. ಹಳೆ ಪುಸ್ತಕ, ಹಳೆ ಬೀಗ, ಪಂಜರದ ಹಕ್ಕಿಗಳ ನಡುವೆ ಅನಿಬಾಲ್ ಕಂಕುಳಲ್ಲಿ ಫ್ಲಾಸ್ಕು ಇಟ್ಟುಕೊಂಡು ಬರುತ್ತಿದ್ದಾಗ, ಕಿತ್ತಳೆ ಗಾಡಿಯ ಹತ್ತಿರ ಸುಲ್ಮಾ ಕಂಡಳು. ಅವನನ್ನು ಕಂಡವಳೇ ಚೀಲ ಕೆಳಗಿಟ್ಟು ನೇರ ಅವನತ್ತ ಬಂದಳು. ಜನರೆದುರು ಮಾತಾಡಿಸುವಷ್ಟು ಧೈರ್ಯ ಬಂತಲ್ಲ ಎಂದು ಅವನ ಮುಖ ಅರಳಿತು.

“ಅನಿಬಾಲ್, ನಾನು ನಿಂಗೆ ಏನ್ ಮಾಡಿದ್ದೆ?”

ದನಿ ಏರಿಸಿರಲಿಲ್ಲ. ಆದರೆ ಅದು ಕೊನೆಯ ಸಾಲಿನವರಿಗೂ ಕೇಳಿಸಿ ಅಭ್ಯಾಸವಿದ್ದ ದನಿ. ಕಿತ್ತಳೆಯವಳು ತಕ್ಕಡಿ ಹಿಡಿದುಕೊಂಡೇ ತಿರುಗಿದಳು. ಪುಸ್ತಕ ನೋಡುತ್ತಿದ್ದವರು ತಲೆಯೆತ್ತಿದರು. ಅನಿಬಾಲ್ ಮನಸ್ಸಿನಲ್ಲೇ ಭಲೇ ಎಂದ. ಜನರ ಕಣ್ಣಿಗೆ ಮಣ್ಣೆರಚಲು ಎಷ್ಟು ಚೆನ್ನಾಗಿ ಆಡುತ್ತಿದ್ದಾಳೆ! ತಾನೂ ಮುಖ ಗಂಟಿಕ್ಕಿಕೊಂಡು, ನನಗೆ ಅನ್ನಿಸಿದ್ದನ್ನು ಬರೆದೆ ಎಂದು ಗಟ್ಟಿಯಾಗಿ ಹೇಳಿದ.

“ಹತ್ತು ವರ್ಷದ ಹಿಂದೆ ಒಂದ್ಸಲ ಆಯ್ತು. ನುಂಗ್ಕೊಂಡೆ. ಈಗ ಮತ್ತೆ ಅದೇ ಮಾತು. ಕೆಲಸ ಹೋಯ್ತು ನನ್ನದು.”

ಅವನು ಒಂದು ಹೆಜ್ಜೆ ಹತ್ತಿರ ಬಂದು, ತುಟಿ ಅಲ್ಲಾಡಿಸದೆ, “ಸಾಕು ಸುಲ್ಮಾ, ಎಲ್ಲರಿಗೂ ಕೇಳಿಸ್ತು” ಎಂದ.

“ಏನ್ ಸಾಕು?”

ಅವನು ಅವಳ ಕಣ್ಣು ನೋಡಿದ. ಅದರಲ್ಲಿ ಆಟವಿರಲಿಲ್ಲ. ಇವನೇನು ಪಿಸುಗುಟ್ಟುತ್ತಿದ್ದಾನೆ ಎಂದು ನಿಜವಾಗಿಯೂ ತಿಳಿಯದೆ ಅವಳು ಅವನನ್ನು ನೋಡುತ್ತಿದ್ದಳು. ಮನೆಗೆ ಬಂದದ್ದು, ಕುರ್ಚಿಯಲ್ಲಿ ಕೂತದ್ದು, ಕೇಳಿಕೊಂಡದ್ದು, ಯಾವುದೂ ಅವಳಲ್ಲಿ ಉಳಿದಿರಲಿಲ್ಲ.

“ನಿನ್ನೆ ಮನೇಲಿ ಕ್ಯಾಸೆಟ್ ಹಾಕ್ಕೊಂಡು ನೋಡ್ದೆ” ಎಂದಳು ಸುಲ್ಮಾ. “ನಾನು ಚೆನ್ನಾಗಿ ಮಾಡಿದ್ದೀನಿ ಕಣೋ. ಅಡುಗೆಮನೇಲಿ ಆ ತಾಯಿ ಸುಮ್ನೆ ನಿಂತ್ಕೋತಾಳಲ್ಲ, ಅದನ್ನ ನಾನು ಬೇಕಂತಲೇ ಹಾಗೆ ಮಾಡಿದ್ದು. ಎಷ್ಟು ದಿನ ಯೋಚ್ನೆ ಮಾಡಿರ್ಬೇಕು ಅದಕ್ಕೆ. ನಿನ್ನ ಕಣ್ಣಿಗೆ ಬೀಳಲೇ ಇಲ್ವಾ?”

ನೀನೇ ಬಂದು ಕೇಳಿಕೊಂಡೆಯಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದರೆ ಅವನ ಮೇಲಿನ ಕಳಂಕ ಆ ಕ್ಷಣವೇ ತೊಳೆದುಹೋಗುತ್ತಿತ್ತು. ಆದರೆ ಅವಳು ಯಾವುದನ್ನು ಊರಿನಿಂದ ಮುಚ್ಚಿಡಬೇಕೆಂದು ಬಂದಿದ್ದಳೋ ಅದನ್ನು ಈ ಸಂತೆಯ ನಡುವೆ, ಅವಳಿಗೇ, ಮೊದಲ ಸಲ ಎಂಬಂತೆ ಹೇಳಬೇಕಾಗುತ್ತಿತ್ತು. ಕಣ್ಣಿಗೆ ಬಿತ್ತು, ಹಿಡಿಸಲಿಲ್ಲ ಎಂದರೆ ಅವಳಲ್ಲಿ ಉಳಿದಿದ್ದ ಆ ಒಂದು ಹೆಮ್ಮೆಯನ್ನೂ ಕಿತ್ತುಕೊಂಡಂತೆ. ಬಹಳ ಚೆನ್ನಾಗಿತ್ತು ಎಂದರೆ ಮತ್ತೆ ಯಾಕೆ ಹಾಗೆ ಬರೆದೆ ಎಂದು ಕೇಳುತ್ತಾಳೆ. ಸುತ್ತ ನಿಂತ ಜನ ಅವನ ಬಾಯನ್ನೇ ನೋಡುತ್ತಿದ್ದರು.

“ನಾನು ನೋಡ್ಲಿಲ್ಲ” ಎಂದ.

“ಏನು?”

“ಕ್ಯಾಸೆಟ್ ಹಾಕ್ಲೇ ಇಲ್ಲ, ಸುಲ್ಮಾ. ಟೈಮ್ ಇರ್ಲಿಲ್ಲ. ನೋಡದೇನೇ ಬರ್ದೆ. ತಪ್ಪಾಯ್ತು.”

ಗಾಡಿಗಳ ನಡುವೆ ಗುಜುಗುಜು ಎದ್ದಿತು. ಕಿತ್ತಳೆಯವಳು, ಥೂ, ಇಷ್ಟು ದೊಡ್ಡ ನಟಿಯನ್ನು ನೋಡದೆಯೇ ಬರೆದೆಯಲ್ಲ, ನಿನಗೆ ಬರುವ ಸಂಬಳ ದಂಡ ಎಂದಳು. ಸುಲ್ಮಾ ಬಹಳ ಹೊತ್ತು ಅವನನ್ನು ದಿಟ್ಟಿಸಿದಳು. ಮೆಲ್ಲಮೆಲ್ಲಗೆ ಅವಳ ಹೆಗಲು ಸಡಿಲವಾಯಿತು, ಮುಖದಲ್ಲಿ ಏನೋ ನೆಮ್ಮದಿಯಂಥದ್ದು ಮೂಡಿತು. ನೋಡಿದ್ದರೆ ಹಾಗೆ ಬರೆಯುತ್ತಿರಲಿಲ್ಲ ಬಿಡು ಎಂದು, ಅವನಿಗೆ ಹೇಳಿದಳೋ ತನಗೇ ಹೇಳಿಕೊಂಡಳೋ, ಹಣ್ಣಿನ ಚೀಲ ಎತ್ತಿಕೊಂಡು ಜನರ ನಡುವೆ ಹೊರಟುಹೋದಳು.

ಸೋಮವಾರ ಅವನು ಕಚೇರಿಗೆ ಕಾಲಿಡುವ ಮೊದಲೇ ಸುದ್ದಿ ಅಲ್ಲಿಗೆ ತಲುಪಿತ್ತು. ಬೇರೆ ಏನನ್ನು ಬೇಕಾದರೂ ಕ್ಷಮಿಸುತ್ತಾರೆ, ನೋಡದೆ ಬರೆದವನನ್ನು ಕ್ಷಮಿಸುವುದಿಲ್ಲ. ಮಾಲೀಕರು ಎರಡು ಸಲ ಹೇಳಿ ಕಳಿಸಿದ್ದರಂತೆ. ಮಿರ್ತಾ ಅವನನ್ನು ತನ್ನ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡಳು. ಅವತ್ತು ಹಿಂದಕ್ಕೆ ಪಡೆದಿದ್ದ ಲೇಖನದ ಹಾಳೆಗಳು ಅವಳ ಕೈಯಲ್ಲಿದ್ದವು.

“ನೀವು ನೋಡಿದ್ರಿ ಅಂತ ನಂಗೆ ಗೊತ್ತು. ಮಾ‌ಲೀಕರಿಗೆ ಇದನ್ನ ತೋರಿಸ್ತೀನಿ, ನಿಮ್ಮ ಕೆಲಸ ಉಳಿಯುತ್ತೆ. ಯಾಕೆ ಬದಲಾಯಿಸಿದ್ರಿ, ಅದೊಂದನ್ನ ಹೇಳಿ.”

“ನೋಡಿರ್ಲಿಲ್ಲ, ಮಿರ್ತಾ.”

“ಮತ್ತೆ ಇದು? ಈ ಈರುಳ್ಳಿ, ಈ ಒಲೆ?”

“ಯಾರೋ ಹೇಳಿದ್ದನ್ನ ಕೇಳ್ಕೊಂಡು, ಉಳಿದದ್ದು ಕಲ್ಪಿಸಿ ಬರ್ದಿದ್ದೆ. ಆಮೇಲೆ ಭಯ ಆಯ್ತು, ವಾಪಸ್ ತಗೊಂಡೆ.”

ಮಿರ್ತಾ ಹಾಳೆಗಳನ್ನು ನೋಡಿದಳು, ಅವನನ್ನು ನೋಡಿದಳು. ನಂಬಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಇಂಥದ್ದನ್ನು ಕಲ್ಪಿಸಿ ಬರೆಯಬಲ್ಲವರು ಇಷ್ಟು ವರ್ಷ ಯಾಕಾದರೂ ವಿಮರ್ಶೆ ಬರೆದುಕೊಂಡು ಕೂತಿದ್ದಿರಿ ಎಂದು ಮಾತ್ರ ಕೇಳಿದಳು. ಅನಿಬಾಲ್ ಅವಳ ಕೈಯಿಂದ ಹಾಳೆಗಳನ್ನು ತೆಗೆದುಕೊಂಡು, ಮಡಿಸಿ ಕೋಟಿನ ಒಳಜೇಬಿಗೆ ಇಟ್ಟುಕೊಂಡ. ಮಾಲೀಕರ ಕೋಣೆ ಮೇಲಿನ ಮಹಡಿಯಲ್ಲಿತ್ತು, ಅವನು ಮೆಟ್ಟಿಲು ಹತ್ತಿದ.